ವಿಜ್ಞಾನ ಕ್ಷೇತ್ರದ ಮಹಿಳೆಯರ ವೃತ್ತಿ ಬೆಳವಣಿಗೆ ಮತ್ತು ವೃತ್ತಿ ಸಂಪರ್ಕ: ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ವಿಜ್ಞಾನ ವಿಷಯಗಳನ್ನು ವ್ಯಾಸಂಗ ಮಾಡುತ್ತಿರುವ, ಬೋಧಿಸುತ್ತಿರುವ, ಪ್ರಯೋಗಾಲಯಗಳಲ್ಲಿ ಕಾರ್ಯನಿರ್ವಹಿಸುತ್ತಿರುವ ಅಥವಾ ವಿವಾಹ, ಹೆರಿಗೆ ಮತ್ತಿತರ ಕಾರಣಗಳಿಂದ ವೃತ್ತಿಯನ್ನು ನಡುವೆಯೇ ನಿಲ್ಲಿಸಿರುವ ಮಹಿಳೆಯರಿಗೆ ಉಪಯುಕ್ತವಾದ ಶಿಷ್ಯವೇತನಗಳು, ನಿಯಮಗಳು ಹಾಗೂ ಅರ್ಜಿ ಸಿದ್ಧತೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಸಂಶೋಧನಾ ಯೋಜನೆಗಳಿಗೆ ಅರ್ಜಿ ಸಲ್ಲಿಸುವಾಗ ಅಂಕಪಟ್ಟಿ ಹಾಗೂ ಜಾತಿ, ಆದಾಯ ಪ್ರಮಾಣಪತ್ರಗಳಷ್ಟೇ ಸಾಲುವುದಿಲ್ಲ. ಯೋಜನೆಗೆ ಅನುಸಾರವಾಗಿ ಮಾರ್ಗದರ್ಶಕರ ಒಪ್ಪಿಗೆ ಪತ್ರ, ಕೆಲಸಕ್ಕೆ ಪ್ರಯೋಗಾಲಯ ಒದಗಿಸುವ ಸಂಸ್ಥೆಯ ಸಮ್ಮತಿ ಪತ್ರ ಮತ್ತು ಅರ್ಜಿದಾರರನ್ನು ಬಲ್ಲ ಅಧ್ಯಾಪಕರ ಶಿಫಾರಸು ಪತ್ರಗಳನ್ನು ಕೇಳಲಾಗುತ್ತದೆ. ಈ ಪತ್ರಗಳು ನಾಡಕಚೇರಿಯಲ್ಲಿ ಶುಲ್ಕ ಪಾವತಿಸಿ ಪಡೆಯತಕ್ಕವುಗಳಲ್ಲ. ಪರಿಚಯವಿದ್ದವರಿಗೆ ಮಾತ್ರ ಇವು ಸಕಾಲದಲ್ಲಿ ದೊರೆಯುತ್ತವೆ. ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಅಭ್ಯರ್ಥಿಯೂ ಈ ಪತ್ರಗಳಿಲ್ಲದೆ ಹಿಂದೆ ಉಳಿಯುವ ಸಂಭವವಿರುತ್ತದೆ. ಆದುದರಿಂದ ವೃತ್ತಿ ಸಂಪರ್ಕವನ್ನು ಅರ್ಜಿಯ ಒಂದು ಲಗತ್ತೆಂದೇ ಭಾವಿಸಿ, ಅಧಿಸೂಚನೆ ಹೊರಡುವ ಮೊದಲೇ ಸಿದ್ಧಪಡಿಸಿಕೊಳ್ಳುವುದು ಸೂಕ್ತ.

2. ಹಿನ್ನೆಲೆ

ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯವು 2003ರಲ್ಲಿ ಅಂದಿನ ಬಿಜಾಪುರದಲ್ಲಿ ಸ್ಥಾಪನೆಗೊಂಡಿತು. 2017ರಲ್ಲಿ ಅದಕ್ಕೆ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೆಂದು ನಾಮಕರಣ ಮಾಡಲಾಯಿತು. ಇದರ ಆವರಣವು ವಿಜಯಪುರ ಸಮೀಪದ ತೊರವಿಯಲ್ಲಿದೆ.

ಮಹಿಳೆಯರಿಗೆ ಪ್ರಯೋಗಾಲಯದ ಬಾಗಿಲು ಸುಲಭವಾಗಿ ತೆರೆದಿಲ್ಲವೆಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇತಿಹಾಸವೇ ಸಾಕ್ಷಿ. ಬಿ.ಎಸ್ಸಿ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದಿದ್ದ ಕಮಲಾ ಭಾಗವತ್ (ನಂತರ ಕಮಲಾ ಸೊಹೊನಿ) ಅವರಿಗೆ ಸ್ತ್ರೀ ಎಂಬ ಕಾರಣಕ್ಕೆ ಆರಂಭದಲ್ಲಿ ಪ್ರವೇಶ ನಿರಾಕರಿಸಲಾಯಿತು. 1933ರಲ್ಲಿ ಷರತ್ತುಗಳೊಂದಿಗೆ ಪ್ರವೇಶ ದೊರೆಯಿತು. ಅಲ್ಲಿ ಶ್ರೀನಿವಾಸಯ್ಯ ಎಂಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ಕಾರ್ಯನಿರ್ವಹಿಸಿದ ಅವರು 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಕನ್ನಡ ನಾಡಿನವರೇ ಆದ ರಾಜೇಶ್ವರಿ ಚಟರ್ಜಿ ಅವರು 1953ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಮರಳಿ, ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ವಿಷಯಗಳ ಬೋಧನೆ ಹಾಗೂ ಸಂಶೋಧನೆಯಲ್ಲಿ ತೊಡಗಿದರು.

ಭಾರತೀಯ ವಿಜ್ಞಾನ ಅಕಾಡೆಮಿಯು 2008ರಲ್ಲಿ ಪ್ರಕಟಿಸಿದ "ಲೀಲಾವತೀಸ್ ಡಾಟರ್ಸ್" ಎಂಬ ಗ್ರಂಥದಲ್ಲಿ ದೇಶದ ಮಹಿಳಾ ವಿಜ್ಞಾನಿಗಳ ಜೀವನ ವೃತ್ತಾಂತಗಳಿವೆ. ಗ್ರಂಥದ ಹೆಸರಿಗೆ ಮೂಲವಾದ ಲೀಲಾವತಿ ಎಂಬ ಗಣಿತ ಕೃತಿಯನ್ನು ರಚಿಸಿದ ಭಾಸ್ಕರಾಚಾರ್ಯರ ಹುಟ್ಟೂರು ವಿಜ್ಜಡವಿಡವನ್ನು ಕೆಲವು ವಿದ್ವಾಂಸರು ವಿಜಯಪುರವೆಂದು ಗುರುತಿಸುತ್ತಾರೆ.

3. ತಾಲ್ಲೂಕುಗಳ ಸ್ಥಿತಿಗತಿ

ಪದವಿ ಮಟ್ಟದ ವ್ಯಾಸಂಗಕ್ಕೆ ಈ ತಾಲ್ಲೂಕುಗಳಲ್ಲಿ ಕಾಲೇಜುಗಳಿವೆ. ಆದರೆ ಮಹಿಳಾ ವಿಶ್ವವಿದ್ಯಾಲಯ ಹಾಗೂ ಜಿಲ್ಲೆಯ ಪ್ರಮುಖ ವೈದ್ಯಕೀಯ, ಇಂಜಿನಿಯರಿಂಗ್ ಮತ್ತು ಕೃಷಿ ಮಹಾವಿದ್ಯಾಲಯಗಳು ವಿಜಯಪುರ ನಗರದಲ್ಲಿ ಅಥವಾ ಅದರ ಸಮೀಪದಲ್ಲಿವೆ. ಹೀಗಾಗಿ ಪದವಿ ಮುಗಿದ ಕೂಡಲೇ ಊರು ಬಿಡುವ ಪ್ರಶ್ನೆ ಎದುರಾಗುತ್ತದೆ. ಕುಟುಂಬದಲ್ಲಿ ಮದುವೆಯ ಮಾತುಕತೆಯೂ ಅನೇಕ ವೇಳೆ ಅದೇ ಸಮಯದಲ್ಲಿ ಆರಂಭವಾಗುತ್ತದೆ.

ಇದೇ ಪ್ರದೇಶದಲ್ಲಿ ವಿಜ್ಞಾನದ ಕೆಲಸ ನಡೆಯುವ ಸ್ಥಳಗಳೂ ಇವೆ. ಇಂಡಿಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಧೀನದ ಕೃಷಿ ವಿಜ್ಞಾನ ಕೇಂದ್ರವಿದೆ. ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಆಲಮಟ್ಟಿಯಲ್ಲಿ ಕೃಷ್ಣಾ ನದಿಯ ಅಣೆಕಟ್ಟೆ ಮತ್ತು ಜಲವಿದ್ಯುದಾಗಾರಗಳಿವೆ. ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಮಣ್ಣಿನ ಸವುಳು, ನಿಂಬೆ ಗಿಡಗಳ ರೋಗ, ಕುಡಿಯುವ ನೀರಿನ ಗುಣಮಟ್ಟ, ತೊಗರಿ ಮತ್ತು ಜೋಳದ ಸಂಸ್ಕರಣೆ ಮುಂತಾದವು ಸ್ಥಳೀಯವಾಗಿ ಸಂಶೋಧನೆಗೆ ಯೋಗ್ಯವಾದ ವಿಷಯಗಳಾಗಿವೆ. ತನ್ನ ತಾಲ್ಲೂಕಿನ ಸಮಸ್ಯೆಯನ್ನು ಬಲ್ಲ ಅಭ್ಯರ್ಥಿಯು ಮಾರ್ಗದರ್ಶಕರನ್ನು ಸಂಪರ್ಕಿಸುವಾಗ ಖಾಲಿ ಕೈಯಲ್ಲಿ ಹೋದಂತಾಗುವುದಿಲ್ಲ.

ಸೂಚನೆ: ಈ ನಾಲ್ಕು ತಾಲ್ಲೂಕುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮತ್ತು ಕೊಲ್ಹಾರ ತಾಲ್ಲೂಕುಗಳು ನಂತರ ರಚನೆಯಾಗಿವೆ. ಅರ್ಜಿಯಲ್ಲಿ ಈಗಿನ ತಾಲ್ಲೂಕಿನ ಹೆಸರನ್ನೇ ನಮೂದಿಸತಕ್ಕದ್ದು. ಹಳೆಯ ದಾಖಲೆಯಲ್ಲಿ ಹಿಂದಿನ ತಾಲ್ಲೂಕಿನ ಹೆಸರಿದ್ದಲ್ಲಿ ಒಂದು ಸಾಲಿನ ವಿವರಣೆಯನ್ನು ಲಗತ್ತಿಸುವುದು.

4. ಹಂತವಾರು ಅವಕಾಶಗಳು

(ಅ) ಪ್ರೌಢಶಾಲೆ ಮತ್ತು ಪದವಿಪೂರ್ವ ಹಂತ: ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ "ವಿಜ್ಞಾನ ಜ್ಯೋತಿ" ಕಾರ್ಯಕ್ರಮವು 9ರಿಂದ 12ನೇ ತರಗತಿಯ ವಿದ್ಯಾರ್ಥಿನಿಯರಿಗೆ ಉದ್ದೇಶಿತವಾಗಿದ್ದು, ಜವಾಹರ ನವೋದಯ ವಿದ್ಯಾಲಯಗಳ ಮೂಲಕ ಜಾರಿಯಾಗುತ್ತದೆ. ಸುತ್ತಲಿನ ಇತರ ಶಾಲೆಗಳ ವಿದ್ಯಾರ್ಥಿನಿಯರನ್ನೂ ಸೇರಿಸಿಕೊಳ್ಳಲಾಗುವುದರಿಂದ, ಆಯಾ ವರ್ಷದ ಕೇಂದ್ರಗಳ ವಿವರವನ್ನು ಶಾಲಾ ಮುಖ್ಯೋಪಾಧ್ಯಾಯರ ಮೂಲಕ ವಿಚಾರಿಸತಕ್ಕದ್ದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಪ್ರಕಟಿಸುವ "ಬಾಲ ವಿಜ್ಞಾನ" ಪತ್ರಿಕೆ ಮತ್ತು ಮಕ್ಕಳ ವಿಜ್ಞಾನ ಸಮಾವೇಶಗಳು ಮೊದಲ ಪರಿಚಯಕ್ಕೆ ಉತ್ತಮ ದಾರಿಗಳು.

(ಆ) ಪದವಿ ಹಂತ: "ಇನ್‌ಸ್ಪೈರ್" ಯೋಜನೆಯ ಉನ್ನತ ಶಿಕ್ಷಣ ವಿದ್ಯಾರ್ಥಿವೇತನವು ದ್ವಿತೀಯ ಪಿ.ಯು.ಸಿ.ಯಲ್ಲಿ ತಮ್ಮ ಮಂಡಳಿಯ ಮೊದಲ ಶೇ. 1ರೊಳಗೆ ಬಂದು ಮೂಲವಿಜ್ಞಾನದ ಪದವಿಗೆ ಸೇರಿದವರಿಗೆ ಅನ್ವಯಿಸುತ್ತದೆ. ವಾರ್ಷಿಕ ಮೊತ್ತ 80,000 ರೂ. ಇದರಲ್ಲಿ 20,000 ರೂ. ಮಾರ್ಗದರ್ಶಕರ ಅಡಿಯಲ್ಲಿ ಬೇಸಿಗೆ ಸಂಶೋಧನಾ ಕಾರ್ಯ ಕೈಗೊಳ್ಳುವುದಕ್ಕೆ ಮೀಸಲು. ಅಂಕಗಳಿಂದ ದೊರೆಯುವ ಈ ವಿದ್ಯಾರ್ಥಿವೇತನದಲ್ಲಿಯೂ ಒಂದು ಭಾಗಕ್ಕೆ ಮಾರ್ಗದರ್ಶಕರ ಸಂಪರ್ಕ ಅಗತ್ಯವೆಂಬುದನ್ನು ಗಮನಿಸತಕ್ಕದ್ದು. ತಾಂತ್ರಿಕ ಡಿಪ್ಲೊಮಾ ಮತ್ತು ಪದವಿಯ ವಿದ್ಯಾರ್ಥಿನಿಯರಿಗೆ "ಪ್ರಗತಿ" ಯೋಜನೆಯಡಿ ವಾರ್ಷಿಕ 50,000 ರೂ. ನೀಡಲಾಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ. ಮೀರಿರಬಾರದು. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ ಅವಕಾಶವಿದೆ.

ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನಡೆಸುವ ಬೇಸಿಗೆ ಸಂಶೋಧನಾ ಶಿಷ್ಯವೇತನದಡಿ ವಿದ್ಯಾರ್ಥಿಗಳು ಹಾಗೂ ಅಧ್ಯಾಪಕರು ಸುಮಾರು ಎರಡು ತಿಂಗಳು ದೇಶದ ಹೆಸರಾಂತ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಬಹುದು. ಎಂ.ಎಸ್ಸಿ. ಭೌತಶಾಸ್ತ್ರದ ವಿದ್ಯಾರ್ಥಿನಿಯರಿಗಾಗಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು "ವಿಜ್ಞಾನ ವಿದುಷಿ" ಕಾರ್ಯಕ್ರಮವನ್ನು 2020ರಲ್ಲಿ ಆರಂಭಿಸಿತು.

(ಇ) ಸ್ನಾತಕೋತ್ತರ ಪದವಿಯ ನಂತರ: ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆಯ ಕಿರಿಯ ಸಂಶೋಧನಾ ಶಿಷ್ಯವೇತನಕ್ಕೆ ಮಹಿಳೆಯರಿಗೆ ಗರಿಷ್ಠ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ ಇದೆ. 2023ರ ಜನವರಿಯಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ಮಾಸಿಕ 37,000 ರೂ., ತದನಂತರ 42,000 ರೂ. ನಿಗದಿಯಾಗಿದೆ. ಸಹಾಯಕ ಪ್ರಾಧ್ಯಾಪಕರ ಅರ್ಹತೆಗಾಗಿ ಮಾತ್ರ ನೆಟ್ ಅಥವಾ ಕೆ-ಸೆಟ್ ಬರೆಯುವವರಿಗೆ ವಯೋಮಿತಿ ಇರುವುದಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ಪರೀಕ್ಷೆ ಬರೆಯಲು ಇಚ್ಛಿಸುವವರು ಇದನ್ನು ವಿಶೇಷವಾಗಿ ಗಮನಿಸುವುದು.

(ಈ) ವೃತ್ತಿಯಲ್ಲಿ ಬಿಡುವು ಉಂಟಾದವರಿಗೆ: ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2002-03ರಲ್ಲಿ ಮಹಿಳಾ ವಿಜ್ಞಾನಿಗಳ ಯೋಜನೆಯನ್ನು ಆರಂಭಿಸಿತು. 2014ರಲ್ಲಿ ಅದನ್ನು "ಕಿರಣ್" ಯೋಜನೆಯ ವ್ಯಾಪ್ತಿಗೆ ತರಲಾಯಿತು. ತದನಂತರ "ವೈಸ್-ಕಿರಣ್" ಎಂಬ ಹೆಸರಿನಲ್ಲಿ ಪುನರ್‌ರಚಿಸಿ, ಪಿಎಚ್.ಡಿ., ಪಿಎಚ್.ಡಿ. ನಂತರದ ಸಂಶೋಧನೆ, ಸಮಾಜೋಪಯೋಗಿ ಸಂಶೋಧನೆ ಹಾಗೂ ಬೌದ್ಧಿಕ ಸ್ವತ್ತಿನ ಹಕ್ಕುಗಳ ತರಬೇತಿ ಎಂದು ವಿಂಗಡಿಸಲಾಗಿದೆ. ಹಳೆಯ ಯೋಜನೆಯ ಅರ್ಜಿ ನಮೂನೆಗಳು ಇನ್ನೂ ಅಲ್ಲಲ್ಲಿ ಕಂಡುಬರುತ್ತವೆ, ಅವುಗಳನ್ನು ಬಳಸಬಾರದು. ಜೈವಿಕ ತಂತ್ರಜ್ಞಾನ ಇಲಾಖೆಯು 2011ರಲ್ಲಿ ಆರಂಭಿಸಿದ "ಬಯೋಕೇರ್" ಯೋಜನೆಯೂ ಮಹಿಳಾ ವಿಜ್ಞಾನಿಗಳ ವೃತ್ತಿ ಪುನರಾರಂಭದ ಉದ್ದೇಶದ್ದಾಗಿದೆ. ಈ ಯೋಜನೆಗಳಿಗೆ ಪ್ರಕಟಣೆ ಹೊರಡಿಸಿದ ಅವಧಿಯಲ್ಲಿ ಮಾತ್ರ ಅರ್ಜಿ ಸ್ವೀಕರಿಸಲಾಗುತ್ತದೆ.

(ಉ) ಪೇಟೆಂಟ್ ಏಜೆಂಟ್ ವೃತ್ತಿ: 1970ರ ಪೇಟೆಂಟ್ ಕಾಯ್ದೆಯ 126ನೇ ಪ್ರಕರಣದಂತೆ 21 ವರ್ಷ ತುಂಬಿದ, ವಿಜ್ಞಾನ, ಇಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಪಡೆದ ಭಾರತೀಯ ನಾಗರಿಕರು ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದಲ್ಲಿ ಪೇಟೆಂಟ್ ಏಜೆಂಟರಾಗಿ ನೋಂದಾಯಿಸಿಕೊಳ್ಳಬಹುದು. ಮೇಲೆ ಹೇಳಿದ ಬೌದ್ಧಿಕ ಸ್ವತ್ತಿನ ತರಬೇತಿಯು ಇದಕ್ಕೆ ಪೂರಕ. ಈ ವೃತ್ತಿಯ ಬಹುಪಾಲು ಕೆಲಸವನ್ನು ಗಣಕಯಂತ್ರದ ಮೂಲಕ ಮನೆಯಿಂದಲೇ ನಿರ್ವಹಿಸಲು ಸಾಧ್ಯವಿರುವುದರಿಂದ ಊರು ಬಿಡಲಾಗದವರು ಪರಿಶೀಲಿಸಬಹುದು.

5. ಪಿಎಚ್.ಡಿ. ನಡುವೆ ವಿವಾಹವಾದಲ್ಲಿ

ಈ ವಿಷಯದಲ್ಲಿ ನಿಯಮದ ಅರಿವಿಲ್ಲದೆ ಸಂಶೋಧನೆಯನ್ನು ಕೈಬಿಡುವ ಪ್ರಸಂಗಗಳನ್ನು ತಪ್ಪಿಸಬಹುದಾಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ಪಿಎಚ್.ಡಿ. ವಿನಿಯಮಗಳ ಮುಖ್ಯಾಂಶಗಳು ಹೀಗಿವೆ:

1) ಪಿಎಚ್.ಡಿ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ 2 ವರ್ಷ ವಿಸ್ತರಿಸಬಹುದು. ಮಹಿಳೆಯರಿಗೆ ಇನ್ನೂ 2 ವರ್ಷಗಳ ಸಡಿಲಿಕೆ ನೀಡಬಹುದಾಗಿದ್ದು, ಒಟ್ಟು 10 ವರ್ಷ ಮೀರುವಂತಿಲ್ಲ.

2) ಪಿಎಚ್.ಡಿ.ಯ ಪೂರ್ಣ ಅವಧಿಯಲ್ಲಿ ಹೆರಿಗೆ ಅಥವಾ ಶಿಶುಪಾಲನಾ ರಜೆಯನ್ನು 240 ದಿನಗಳವರೆಗೆ ನೀಡಬಹುದು.

3) ವಿವಾಹ ಅಥವಾ ಇತರ ಕಾರಣದಿಂದ ಬೇರೆ ಊರಿಗೆ ಹೋಗುವ ಸಂಶೋಧನಾರ್ಥಿನಿಯು ತನ್ನ ಸಂಶೋಧನಾ ದತ್ತಾಂಶವನ್ನು ಹೊಸ ಸಂಸ್ಥೆಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ. ಆ ಕಾರ್ಯವು ಧನಸಹಾಯ ಸಂಸ್ಥೆಯಿಂದ ಮೂಲ ಸಂಸ್ಥೆಗೆ ಅಥವಾ ಮಾರ್ಗದರ್ಶಕರಿಗೆ ಮಂಜೂರಾದ ಯೋಜನೆಗೆ ಸೇರಿರಬಾರದು. ಮೂಲ ಸಂಸ್ಥೆ ಹಾಗೂ ಮಾರ್ಗದರ್ಶಕರ ಕೊಡುಗೆಯನ್ನು ಪ್ರಬಂಧದಲ್ಲಿ ಸ್ಮರಿಸತಕ್ಕದ್ದು.

4) ಉದ್ಯೋಗದಲ್ಲಿರುವವರು ನಿಯೋಜಕರ ನಿರಾಕ್ಷೇಪಣಾ ಪತ್ರದೊಂದಿಗೆ ಅರೆಕಾಲಿಕ ಪಿಎಚ್.ಡಿ. ಮಾಡಬಹುದು. ದೂರಶಿಕ್ಷಣದ ಮೂಲಕ ಪಿಎಚ್.ಡಿ. ಪಡೆಯಲು ಅವಕಾಶವಿಲ್ಲ.

ಉದಾಹರಣೆಗೆ, ಧಾರವಾಡದಲ್ಲಿ ನೋಂದಾಯಿಸಿಕೊಂಡ ಸಂಶೋಧನಾರ್ಥಿನಿಯು ವಿವಾಹವಾಗಿ ಮುದ್ದೇಬಿಹಾಳಕ್ಕೆ ಬಂದಲ್ಲಿ, ವಿಜಯಪುರದ ವಿಶ್ವವಿದ್ಯಾಲಯದಲ್ಲಿ ಕಾರ್ಯ ಮುಂದುವರಿಸಲು ಮನವಿ ಸಲ್ಲಿಸಬಹುದು. ಆದರೆ ಅಲ್ಲಿ ತನ್ನ ವಿಷಯದ ಮಾರ್ಗದರ್ಶಕರು ಲಭ್ಯರಿದ್ದು, ಅವರು ಒಪ್ಪಿಕೊಳ್ಳುವುದು ಅವಶ್ಯ. ವಿವಾಹ ನಿಶ್ಚಯವಾದ ಕೂಡಲೇ ಈಗಿನ ಮಾರ್ಗದರ್ಶಕರಿಗೆ ವಿಷಯ ತಿಳಿಸಿ, ಹೊಸ ಸಂಸ್ಥೆಯ ಅಧ್ಯಾಪಕರಿಗೆ ಅವರಿಂದಲೇ ಪರಿಚಯ ಪತ್ರ ಪಡೆಯುವುದು ಉತ್ತಮ. ಅರ್ಹತಾ ಹಕ್ಕು ಕಾಗದದ ಮೇಲಿದ್ದರೂ ಅದನ್ನು ನಡೆಸಿಕೊಡುವವರು ಇಬ್ಬರು ಮಾರ್ಗದರ್ಶಕರು.

6. ವೃತ್ತಿ ಸಂಪರ್ಕ ಬೆಳೆಸಿಕೊಳ್ಳುವ ಕ್ರಮ

(ಅ) ತಾಲ್ಲೂಕು ಮಟ್ಟದಲ್ಲಿ: ವಿಜ್ಞಾನ ಉಪನ್ಯಾಸಕಿಯರು, ಆಸ್ಪತ್ರೆಯ ಪ್ರಯೋಗಶಾಲಾ ತಂತ್ರಜ್ಞರು, ಔಷಧ ತಜ್ಞರು, ಕೃಷಿ ಅಧಿಕಾರಿಗಳು, ನೀರಿನ ಪರೀಕ್ಷಕರು, ಪ್ರೌಢಶಾಲಾ ವಿಜ್ಞಾನ ಶಿಕ್ಷಕಿಯರು ಒಂದೇ ಪಟ್ಟಣದಲ್ಲಿದ್ದರೂ ಪರಸ್ಪರ ಪರಿಚಯವಿಲ್ಲದಿರಬಹುದು. ಐದಾರು ಮಂದಿ ತಿಂಗಳಿಗೊಮ್ಮೆ ಸೇರಿ ಅಧಿಸೂಚನೆಗಳನ್ನು ಹಂಚಿಕೊಳ್ಳುವುದಕ್ಕೆ ಯಾವುದೇ ನೋಂದಣಿಯ ಅಗತ್ಯವಿಲ್ಲ. ಫೆಬ್ರವರಿ 11ರ ವಿಜ್ಞಾನದಲ್ಲಿ ಮಹಿಳೆಯರು ಮತ್ತು ಬಾಲಕಿಯರ ಅಂತರರಾಷ್ಟ್ರೀಯ ದಿನ ಹಾಗೂ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಗಳು ಇಂತಹ ಸಭೆಗೆ ಸೂಕ್ತ ಸಂದರ್ಭಗಳು. ಸಂಘವಾಗಿ ನೋಂದಾಯಿಸಲು ಇಚ್ಛಿಸಿದಲ್ಲಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಸದಸ್ಯರು ಬೇಕು.

(ಆ) ಜಿಲ್ಲೆ ಮತ್ತು ರಾಜ್ಯ ಮಟ್ಟದಲ್ಲಿ: ವಿಶ್ವವಿದ್ಯಾಲಯದ ವಿಚಾರ ಸಂಕಿರಣಗಳು, ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಅಕಾಡೆಮಿಯ ಸಮ್ಮೇಳನಗಳಲ್ಲಿ ಭಾಗವಹಿಸಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಚಳ್ಳಕೆರೆ ಆವರಣದ ಪ್ರತಿಭಾ ವಿಕಾಸ ಕೇಂದ್ರದಲ್ಲಿ ವಿಜ್ಞಾನ ಶಿಕ್ಷಕರಿಗೆ ವಸತಿಸಹಿತ ತರಬೇತಿ ನೀಡಲಾಗುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ "ಶಕ್ತಿ" ಯೋಜನೆಯಡಿ ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕಲ್ಪಿಸಲಾಗಿದೆ. ಸೊಲ್ಲಾಪುರ ಮುಂತಾದ ಅಂತರರಾಜ್ಯ ಮಾರ್ಗದ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

(ಇ) ರಾಷ್ಟ್ರಮಟ್ಟದಲ್ಲಿ: 1973ರಲ್ಲಿ ಸ್ಥಾಪನೆಯಾದ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ, ಗಣಿತಜ್ಞೆಯರ "ಇಂಡಿಯನ್ ವಿಮೆನ್ ಅಂಡ್ ಮ್ಯಾಥಮ್ಯಾಟಿಕ್ಸ್" ಬಳಗ ಮತ್ತು ಜೀವವಿಜ್ಞಾನ ಕ್ಷೇತ್ರದ "ಇಂಡಿಯಾ ಬಯೋಸೈನ್ಸ್" ಉಪಯುಕ್ತ ವೇದಿಕೆಗಳಾಗಿವೆ.

(ಈ) ಪತ್ರ ಬರೆಯುವ ಕ್ರಮ: ಮಾರ್ಗದರ್ಶಕರಿಗೆ ಬರೆಯುವ ಮೊದಲು ಅವರ ಕನಿಷ್ಠ ಒಂದು ಲೇಖನವನ್ನು ಓದಿರಬೇಕು. ಒಂದೇ ಪತ್ರವನ್ನು ಹತ್ತಾರು ಜನರಿಗೆ ಕಳುಹಿಸಬಾರದು. ವೃತ್ತಿಯಲ್ಲಿನ ಬಿಡುವನ್ನು ಮುಚ್ಚಿಡಬಾರದು. ಮಾದರಿ ಪತ್ರ ಈ ಕೆಳಗಿನಂತಿದ್ದು, ಅಗತ್ಯವಿದ್ದಲ್ಲಿ ಇಂಗ್ಲಿಷಿನಲ್ಲಿ ಬರೆಯಬಹುದು:

"ಮಾನ್ಯರೇ, ನಾನು ವಿಜಯಪುರ ಜಿಲ್ಲೆಯ ........ ತಾಲ್ಲೂಕಿನವಳು. ........ ವರ್ಷದಲ್ಲಿ ........ ವಿಷಯದಲ್ಲಿ ಎಂ.ಎಸ್ಸಿ. ಪದವಿ ಪಡೆದಿರುತ್ತೇನೆ. ತದನಂತರ ........ ವರ್ಷ ಕುಟುಂಬದ ಹೊಣೆಯ ಕಾರಣ ವೃತ್ತಿಯಿಂದ ದೂರವಿದ್ದೆನು. ತಮ್ಮ ........ ಕುರಿತ ಲೇಖನವನ್ನು ಓದಿದ್ದೇನೆ. ಅದರಲ್ಲಿನ ........ ಅಂಶವು ನಮ್ಮ ತಾಲ್ಲೂಕಿನ ........ ಸಮಸ್ಯೆಗೆ ಸಂಬಂಧಿಸಿದೆ. ಈ ವಿಷಯದಲ್ಲಿ ತಮ್ಮ ಮಾರ್ಗದರ್ಶನದಲ್ಲಿ ........ ಯೋಜನೆಗೆ ಅರ್ಜಿ ಸಲ್ಲಿಸಲು ಇಚ್ಛಿಸಿರುತ್ತೇನೆ. ಹದಿನೈದು ನಿಮಿಷಗಳ ಸಮಯ ನೀಡಿದಲ್ಲಿ ದೂರವಾಣಿಯಲ್ಲಿ ಅಥವಾ ಖುದ್ದಾಗಿ ವಿವರಿಸುತ್ತೇನೆ. ಒಂದು ಪುಟದ ಸ್ವವಿವರ ಲಗತ್ತಿಸಿದೆ."

ಮೂರು ವಾರಗಳಲ್ಲಿ ಉತ್ತರ ಬಾರದಿದ್ದಲ್ಲಿ ಒಮ್ಮೆ ನೆನಪೋಲೆ ಕಳುಹಿಸಬಹುದು. ಉತ್ತರ ಬಂದರೂ ಬಾರದಿದ್ದರೂ ಮುಂದಿನ ವಿಜ್ಞಾನಿಗೆ ಬರೆಯುವುದನ್ನು ನಿಲ್ಲಿಸಬಾರದು.

7. ಸಿದ್ಧವಿಟ್ಟುಕೊಳ್ಳತಕ್ಕ ದಾಖಲೆಗಳು

1) ಎಸ್.ಎಸ್.ಎಲ್.ಸಿ.ಯಿಂದ ಸ್ನಾತಕೋತ್ತರ ಪದವಿಯವರೆಗಿನ ಅಂಕಪಟ್ಟಿಗಳು ಮತ್ತು ಪದವಿ ಪ್ರಮಾಣಪತ್ರಗಳು.
2) ಜಾತಿ ಮತ್ತು ಆದಾಯ ಪ್ರಮಾಣಪತ್ರ (ನಾಡಕಚೇರಿ). ಆದಾಯ ಪ್ರಮಾಣಪತ್ರದ ಸಿಂಧುತ್ವದ ಅವಧಿಯನ್ನು ಪರಿಶೀಲಿಸುವುದು.
3) 1ರಿಂದ 10ನೇ ತರಗತಿಯವರೆಗಿನ ಗ್ರಾಮೀಣ ವ್ಯಾಸಂಗ ಹಾಗೂ ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ. ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಪಡೆಯಬೇಕಾದ್ದರಿಂದ ವಿವಾಹವಾಗಿ ಅಥವಾ ವ್ಯಾಸಂಗಕ್ಕಾಗಿ ಊರು ಬಿಡುವ ಮೊದಲೇ ಪಡೆದುಕೊಳ್ಳುವುದು.
4) ಹೆಸರು ಬದಲಾಗಿದ್ದಲ್ಲಿ ವಿವಾಹ ನೋಂದಣಿ ಪ್ರಮಾಣಪತ್ರ. ಅಂಕಪಟ್ಟಿ, ಆಧಾರ್ ಮತ್ತು ಬ್ಯಾಂಕ್ ಖಾತೆಯಲ್ಲಿ ಹೆಸರು ಹೊಂದಾಣಿಕೆಯಾಗದಿದ್ದಲ್ಲಿ ಹಣ ಜಮೆಯಾಗಲು ತೊಡಕಾಗಬಹುದು.
5) ಅತಿಥಿ ಉಪನ್ಯಾಸಕಿ ಅಥವಾ ತಾತ್ಕಾಲಿಕ ನೌಕರಿಯ ಪ್ರತಿ ಅವಧಿಗೂ ಸೇವಾ ಪ್ರಮಾಣಪತ್ರ. ವರ್ಷಾಂತ್ಯದಲ್ಲಿಯೇ ಪಡೆಯುವುದು, ಪ್ರಾಂಶುಪಾಲರು ವರ್ಗವಾದ ನಂತರ ಪಡೆಯುವುದು ಕಷ್ಟ.
6) ಸಂಪರ್ಕ ಪುಸ್ತಕ: ಭೇಟಿಯಾದ ಅಧ್ಯಾಪಕರು ಮತ್ತು ವಿಜ್ಞಾನಿಗಳ ಹೆಸರು, ಸಂಸ್ಥೆ, ದಿನಾಂಕ, ಚರ್ಚಿಸಿದ ವಿಷಯ ಹಾಗೂ ಮುಂದಿನ ಕ್ರಮವನ್ನು ಜಮಾ-ಖರ್ಚಿನ ಪುಸ್ತಕದಂತೆ ಅಂದಂದೇ ಬರೆದಿಡುವುದು.

8. ಎಚ್ಚರಿಕೆಗಳು

ಸಂವಿಧಾನದ 371(ಜೆ) ಅನುಚ್ಛೇದದ ಮೀಸಲಾತಿಯು ವಿಜಯಪುರ ಜಿಲ್ಲೆಗೆ ಅನ್ವಯಿಸುವುದಿಲ್ಲ. ಸಿಂದಗಿ ಮತ್ತು ಇಂಡಿ ತಾಲ್ಲೂಕುಗಳು ಕಲಬುರಗಿ ಜಿಲ್ಲೆಯ ಗಡಿಗೆ ಹೊಂದಿಕೊಂಡಿದ್ದರೂ ಇಲ್ಲಿನ ನಿವಾಸಿ ಎಂಬ ಆಧಾರದ ಮೇಲೆ ಕಲ್ಯಾಣ ಕರ್ನಾಟಕದ ಮೀಸಲಾತಿ ಕೋರುವಂತಿಲ್ಲ. ಆ ಜಿಲ್ಲೆಗಳಲ್ಲಿ ಜನಿಸಿ ವಿವಾಹವಾಗಿ ಬಂದವರು ತಮ್ಮ ಹುಟ್ಟೂರಿನ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಅರ್ಹತೆಯನ್ನು ವಿಚಾರಿಸತಕ್ಕದ್ದು.

ಹಣ ಪಡೆದು ಪ್ರಶಸ್ತಿ, ಸದಸ್ಯತ್ವ ಅಥವಾ ಲೇಖನ ಪ್ರಕಟಣೆಯ ಭರವಸೆ ನೀಡುವವರಿಂದ ದೂರವಿರತಕ್ಕದ್ದು. 2022ರ ವಿನಿಯಮಗಳು ಪ್ರಬಂಧ ಸಲ್ಲಿಕೆಗೆ ಮೊದಲು ಲೇಖನ ಪ್ರಕಟಣೆಯನ್ನು ಕಡ್ಡಾಯಗೊಳಿಸಿಲ್ಲ; ಆಯಾ ವಿಶ್ವವಿದ್ಯಾಲಯದ ನಿಯಮವನ್ನು ಮಾತ್ರ ಪರಿಶೀಲಿಸಿಕೊಳ್ಳಬೇಕು.

ಮಾರ್ಗದರ್ಶಕರ ಸಹಿ ಅಗತ್ಯವೆಂಬ ಕಾರಣಕ್ಕೆ ಅನುಚಿತ ವರ್ತನೆಯನ್ನು ಸಹಿಸಬೇಕಾಗಿಲ್ಲ. 2013ರ ಕಾಯ್ದೆಯಂತೆ ಘಟನೆ ನಡೆದ 3 ತಿಂಗಳೊಳಗೆ ಸಂಸ್ಥೆಯ ಆಂತರಿಕ ಸಮಿತಿಗೆ ಲಿಖಿತ ದೂರು ಸಲ್ಲಿಸಬಹುದು. ಸೂಕ್ತ ಕಾರಣವಿದ್ದಲ್ಲಿ ಸಮಿತಿಯು ಇನ್ನೂ 3 ತಿಂಗಳವರೆಗೆ ಕಾಲಾವಕಾಶ ನೀಡಬಹುದು. ಸಂಶೋಧನಾರ್ಥಿನಿಯರು ಮತ್ತು ವಿದ್ಯಾರ್ಥಿನಿಯರಿಗೂ ಈ ರಕ್ಷಣೆ ಇದೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಂ.ಎಸ್ಸಿ. ಮುಗಿದು ಎಂಟು ವರ್ಷಗಳಾಗಿವೆ. ಪರಿಚಿತ ಅಧ್ಯಾಪಕರು ನಿವೃತ್ತರಾಗಿದ್ದಾರೆ. ಶಿಫಾರಸು ಪತ್ರ ಯಾರಿಂದ ಪಡೆಯಬೇಕು?
ಉತ್ತರ: ಅಧಿಸೂಚನೆಯಲ್ಲಿ ನಿರ್ಬಂಧವಿಲ್ಲದಿದ್ದಲ್ಲಿ ನಿವೃತ್ತ ಅಧ್ಯಾಪಕರಿಂದಲೂ ಪಡೆಯಬಹುದು. ತಮ್ಮ ಅಂಕಪಟ್ಟಿ, ಯೋಜನಾ ವರದಿ ಮತ್ತು ನಂತರದ ಕೆಲಸದ ವಿವರವನ್ನು ಅವರಿಗೆ ಒದಗಿಸುವುದು.

ಪ್ರಶ್ನೆ: ಖಾಸಗಿ ಶಾಲೆಯಲ್ಲಿ ವಿಜ್ಞಾನ ಬೋಧಿಸಿದ ಅವಧಿಯನ್ನು ಬಿಡುವು ಎಂದು ತೋರಿಸಬೇಕೆ?
ಉತ್ತರ: ಬೋಧನಾ ಅನುಭವವೆಂದೇ ತೋರಿಸಿ ಸೇವಾ ಪ್ರಮಾಣಪತ್ರ ಲಗತ್ತಿಸತಕ್ಕದ್ದು. ಬಿಡುವಿನ ವ್ಯಾಖ್ಯೆಯು ಯೋಜನೆಯಿಂದ ಯೋಜನೆಗೆ ಬದಲಾಗುವುದರಿಂದ ಮಾರ್ಗಸೂಚಿಯನ್ನು ಓದಿಕೊಳ್ಳುವುದು.

ಪ್ರಶ್ನೆ: ಕುಟುಂಬದವರು ಒಪ್ಪದಿದ್ದಲ್ಲಿ?
ಉತ್ತರ: ಶಿಷ್ಯವೇತನದ ಮೊತ್ತ, ಅವಧಿ, ರಜೆಯ ನಿಯಮ ಹಾಗೂ ವಸತಿ ನಿಲಯದ ವಿವರಗಳನ್ನು ಬರಹದಲ್ಲಿ ತೋರಿಸುವುದು ಸಹಾಯಕ. ಸಾಧ್ಯವಾದಲ್ಲಿ ಕುಟುಂಬದ ಹಿರಿಯರೊಬ್ಬರನ್ನು ವಿಭಾಗಕ್ಕೆ ಕರೆದೊಯ್ದು ಮಾರ್ಗದರ್ಶಕರನ್ನು ಪರಿಚಯಿಸುವುದು ಉಚಿತ.

ವಿ.ಸೂ.: ಮೊತ್ತ, ವಯೋಮಿತಿ ಮತ್ತು ಕೊನೆಯ ದಿನಾಂಕಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತವೆ. ಅರ್ಜಿ ಸಲ್ಲಿಸುವ ಮುನ್ನ ಆಯಾ ವರ್ಷದ ಅಧಿಸೂಚನೆಯನ್ನು ಕಡ್ಡಾಯವಾಗಿ ಓದಿಕೊಳ್ಳತಕ್ಕದ್ದು. ಒಪ್ಪಿಗೆ ಮತ್ತು ಶಿಫಾರಸು ಪತ್ರಗಳಿಗೆ ಕೊನೆಯ ದಿನಾಂಕಕ್ಕಿಂತ ಕನಿಷ್ಠ ಒಂದು ತಿಂಗಳು ಮುಂಚಿತವಾಗಿ ಮನವಿ ಮಾಡಿಕೊಳ್ಳತಕ್ಕದ್ದು.